ಚಿಕ್ಕಮ್ಮನ ಕಂಪ್ಯೂಟರ್‌ಗೆ ಮೈಕ್: ಹಮ್, ಅರ್ತಿಂಗ್, ತಂಬೂರಿ

ಕಂಪ್ಯೂಟರ್ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ವಿಂಡೋಸ್ 11, ಮದರ್‌ಬೋರ್ಡ್‌ನಲ್ಲೇ ಇರುವ ಸೌಂಡ್ ಚಿಪ್, ಮಾನಿಟರ್ ಮೇಲೆ ಒಂದು ವೆಬ್‌ಕ್ಯಾಮ್, ಗುಲಾಬಿ ಮತ್ತು ಹಸಿರು ಎರಡು ಪಿನ್ ಇರುವ ಹಳೇ ಹೆಡ್‌ಸೆಟ್. ಇದೆಲ್ಲ ಇರುವುದು ಹನುಮಂತನಗರದಲ್ಲಿ, ಚಿಕ್ಕಮ್ಮನ ಮನೆಯ ಹಾಲ್‌ನಲ್ಲಿ. ಚಿಕ್ಕಮ್ಮ ಸಂಗೀತ ಪಾಠ ಮಾಡುತ್ತಾರೆ. ಎದುರು ಕೂತು ಕಲಿಯುವವರು ಕೆಲವರು, ಆನ್‌ಲೈನ್‌ನಲ್ಲಿ ಕಲಿಯುವವರು ಜಾಸ್ತಿ. ಅಮೆರಿಕದ ಮಕ್ಕಳಿಗೆ ಬೆಳಗ್ಗೆ ಬೇಗ ಪಾಠ, ಅಲ್ಲಿ ಆಗ ಹಿಂದಿನ ದಿನದ ಸಂಜೆ.

ದೂರುಗಳು ಮೂರು. ಮಿಸ್ ಧ್ವನಿ ದೂರದಿಂದ ಕೇಳಿಸುತ್ತೆ ಅಂತ ಮಕ್ಕಳು. ತಂಬೂರಿ ಬರುತ್ತೆ, ಆಮೇಲೆ ಕರಗಿ ಹೋಗುತ್ತೆ ಅಂತ ಅವರ ಅಮ್ಮಂದಿರು. ಮೂರನೆಯದು ಚಿಕ್ಕಮ್ಮನದೇ: ರೆಕಾರ್ಡ್ ಮಾಡಿ ಕೇಳಿದರೆ ಶ್ರುತಿಯೇ ಸರಿಯಾಗಿ ನಿಲ್ಲುತ್ತಿಲ್ಲ. "ಒಂದು ಒಳ್ಳೆ ಮೈಕ್ ತಂದು ಹಾಕಿಬಿಡೇ, ತಲೆನೋವು ಮುಗೀಲಿ" ಅಂದರು. ಮೈಕ್ ತರೋಣ, ಆದರೆ ಕೊನೆಗೆ ತರೋಣ ಅಂದೆ. ಬಾಯಿಂದ ಹೊರಟ ದನಿ ಮೈಕ್, ವೈರ್, ಜ್ಯಾಕ್, ಸೌಂಡ್ ಚಿಪ್, ವಿಂಡೋಸ್, ಮೀಟಿಂಗ್ ಸಾಫ್ಟ್‌ವೇರ್ ಎಲ್ಲ ದಾಟಿ ಆಮೇಲೆ ನೆಟ್ ಹತ್ತುತ್ತೆ. ಇದರಲ್ಲಿ ಎಲ್ಲಿ ಕೆಟ್ಟಿದೆ ಅಂತ ಗೊತ್ತಿಲ್ಲದೆ ಬಾಯಿ ಹತ್ತಿರದ ಒಂದೇ ತುಂಡನ್ನು ಬದಲಿಸಿದರೆ ದುಡ್ಡು ಖರ್ಚಾಗುತ್ತೆ, ಅಷ್ಟೇ.

ಅದಕ್ಕೆ ಮೊದಲು ನೆಟ್ ಮತ್ತು ಮೀಟಿಂಗ್ ಸಾಫ್ಟ್‌ವೇರ್ ಎರಡನ್ನೂ ಆಚೆ ಇಟ್ಟೆ. ಆಡಾಸಿಟಿ ಹಾಕಿಕೊಂಡು (ರೆಕಾರ್ಡ್ ಮಾಡುವ ಸಾಫ್ಟ್‌ವೇರ್, ಉಚಿತ, ಸಾಕಾಗುವಷ್ಟು ಚೆನ್ನಾಗಿದೆ) ಕಂಪ್ಯೂಟರ್‌ನಲ್ಲೇ ರೆಕಾರ್ಡ್ ಮಾಡಿದೆ. ಸುಮ್ಮನಿರುವ ಹಾಲ್ ಸ್ವಲ್ಪ ಹೊತ್ತು, ಮಾತು ಸ್ವಲ್ಪ ಹೊತ್ತು, ಹಾಡು ಸ್ವಲ್ಪ ಹೊತ್ತು. ಸುಮ್ಮನಿರುವ ಹಾಲ್‌ನ ರೆಕಾರ್ಡಿಂಗ್ ಯಾವತ್ತೂ ಬಿಡಬೇಡಿ. ಜಾಸ್ತಿ ವಿಷಯ ಗೊತ್ತಾಗುವುದು ಅದರಿಂದಲೇ.

ರೆಕಾರ್ಡ್ ಓಡುತ್ತಿರುವಾಗ ಹೆಡ್‌ಸೆಟ್‌ನ ಮೈಕ್ ಜಾಲರಿಯನ್ನು ಉಗುರಿನಿಂದ ಕೆರೆದೆ. ಏನೂ ಇಲ್ಲ. ವೆಬ್‌ಕ್ಯಾಮ್ ಮೇಲೆ ಕೆರೆದೆ. ಕರ್ ಕರ್ ಅಂತ ಅಲೆ ಎದ್ದಿತು. ಅಂದರೆ ಇಷ್ಟು ದಿನ ಚಿಕ್ಕಮ್ಮ ಹೆಡ್‌ಸೆಟ್ ಹಾಕಿಕೊಂಡು ಹಾಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದು ಮೂರಡಿ ದೂರದ ವೆಬ್‌ಕ್ಯಾಮ್. ಇದು ತುಂಬಾ ಮನೆಗಳಲ್ಲಿ ಆಗುವ ಕತೆ. ಯುಎಸ್‌ಬಿಯಲ್ಲಿ ಹೊಸ ಸಾಧನ ಬಂದರೆ ವಿಂಡೋಸ್ ಎಷ್ಟೋ ಸಲ ಅದನ್ನೇ ಡಿಫಾಲ್ಟ್ ಮಾಡಿಬಿಡುತ್ತೆ, ಯಾರಿಗೂ ಹೇಳುವುದಿಲ್ಲ.

ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್. ಅಲ್ಲಿ ಇನ್‌ಪುಟ್ ಕೆಳಗೆ ಹೆಡ್‌ಸೆಟ್ ಮೈಕ್ ಆರಿಸಿದೆ. ಅದೇ ಪುಟದ ಕೆಳಗಡೆ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಒತ್ತಿದರೆ ಹಳೇ ಕಾಲದ ಪುಟ್ಟ ಕಿಟಕಿ ತೆರೆಯುತ್ತೆ, ನನಗೆ ಅದೇ ಇಷ್ಟ. ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಡಿಫಾಲ್ಟ್ ಡಿವೈಸ್ ಅಂತ ಒಂದು, ಡಿಫಾಲ್ಟ್ ಕಮ್ಯುನಿಕೇಷನ್ ಡಿವೈಸ್ ಅಂತ ಇನ್ನೊಂದು ಇರುತ್ತೆ. ರೆಕಾರ್ಡಿಂಗ್‌ನಲ್ಲಿ ಒಂದು ಮೈಕ್, ಕಾಲ್‌ನಲ್ಲಿ ಇನ್ನೊಂದು ಮೈಕ್ ಕೆಲಸ ಮಾಡುತ್ತಿದ್ದರೆ ಕಾರಣ ಇದು. ಎರಡನ್ನೂ ಒಂದಕ್ಕೇ ಕೊಟ್ಟೆ. ವೆಬ್‌ಕ್ಯಾಮ್ ಮೈಕ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್. ಚಿತ್ರಕ್ಕೆ ಏನೂ ಆಗುವುದಿಲ್ಲ. ಪ್ರೈವೆಸಿ ಪುಟದಲ್ಲಿ ಮೈಕ್ರೊಫೋನ್‌ಗೆ ಡೆಸ್ಕ್‌ಟಾಪ್ ಆ್ಯಪ್‌ಗಳ ಅನುಮತಿ ಆನ್ ಇದೆಯಾ ಅಂತಲೂ ನೋಡಿಕೊಂಡೆ. ಅದು ಆಫ್ ಇದ್ದರೆ ಎಷ್ಟು ಒಳ್ಳೆ ಮೈಕ್ ಆದರೂ ಮೂಕ.

ಇಷ್ಟಾದ ಮೇಲೆ ಹೆಡ್‌ಸೆಟ್‌ನ ದನಿ ಬಂತು. ಜೊತೆಗೆ ಚರಚರ ಅನ್ನುವ ಸದ್ದೂ ಬಂತು, ಅದರ ಹಿಂದೆ ಒಂದು ಗುಂಯ್‌ಗುಡುವಿಕೆ. ಮೊದಲು ಚರಚರ.

ಮೈಕ್ ಕಡ್ಡಿಯನ್ನು ಬಗ್ಗಿಸಿದಾಗಲೂ ಸದ್ದು, ಬಗ್ಗಿಸದೆ ಇದ್ದಾಗಲೂ ಸದ್ದು. ಹೆಡ್‌ಸೆಟ್ ಬಿಸಾಡಿ ಅಂದುಬಿಡಬಹುದಿತ್ತು, ಆದರೆ ಇದರ ರಿಪೇರಿ ಸುಲಭ, ಕಲಿಯುವುದಕ್ಕೂ ಒಳ್ಳೆಯದು. ಕಡ್ಡಿಯ ತುದಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಒಳಗೆ ಗುಂಡಿಯಷ್ಟು ದಪ್ಪದ ಒಂದು ಲೋಹದ ಡಬ್ಬಿ. ಅದೇ ಎಲೆಕ್ಟ್ರೆಟ್ ಕ್ಯಾಪ್ಸೂಲ್. 1962ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಕಂಡುಹಿಡಿದ ಮೈಕ್ ಇದು, ಹೆಡ್‌ಸೆಟ್, ಕಾಲರ್ ಮೈಕ್, ಲ್ಯಾಂಡ್‌ಲೈನ್ ಫೋನ್ ಎಲ್ಲದರೊಳಗೂ ದಶಕಗಟ್ಟಲೆ ಇದೇ ಕೂತಿದೆ. ಇದರಲ್ಲಿರುವ ಪೊರೆಗೆ ಕಾಯಂ ಆಗಿ ವಿದ್ಯುತ್ ಚಾರ್ಜ್ ತುಂಬಿರುತ್ತಾರೆ. ದನಿ ಬಿದ್ದಾಗ ಪೊರೆ ಅಲುಗುತ್ತೆ, ವೋಲ್ಟೇಜ್ ಬದಲಾಗುತ್ತೆ. ಆ ಬದಲಾವಣೆ ತೀರಾ ಬಡಕಲು, ಅದಕ್ಕೆ ಡಬ್ಬಿಯೊಳಗೇ ಒಂದು ಪುಟ್ಟ ಟ್ರಾನ್ಸಿಸ್ಟರ್ ಇಟ್ಟಿರುತ್ತಾರೆ. ಆ ಟ್ರಾನ್ಸಿಸ್ಟರ್‌ಗೆ ಕರೆಂಟ್ ಬೇಕಲ್ವಾ? ಅದನ್ನು ಕಂಪ್ಯೂಟರ್‌ನ ಗುಲಾಬಿ ಜ್ಯಾಕ್ ಕೊಡುತ್ತೆ.

ಇಲ್ಲಿಯೇ ಪರೀಕ್ಷೆಯೂ ಇದೆ. ಕ್ಯಾಪ್ಸೂಲ್‌ನ ಎರಡು ವೈರ್ ಬಿಡಿಸಿ, ಪಿನ್ ಅನ್ನು ಜ್ಯಾಕ್‌ಗೆ ಹಾಕಿ, ವೈರ್ ತುದಿಗಳಿಗೆ ಮಲ್ಟಿಮೀಟರ್ ಹಿಡಿದೆ. ಸುಮಾರು 2.5 ವೋಲ್ಟ್ ಬಂತು. ಕಡ್ಡಿ ಅಲ್ಲಾಡಿಸಿದೆ, ವೈರ್ ಉದ್ದಕ್ಕೂ ಹಿಸುಕಿದೆ, ಪಿನ್ ತಿರುಗಿಸಿದೆ. ಅಂಕಿ ಕದಲಲಿಲ್ಲ. ಅಂದರೆ ವೈರ್ ಸರಿ ಇದೆ, ಜ್ಯಾಕ್ ಸರಿ ಇದೆ, ಕೆಟ್ಟಿರುವುದು ಕ್ಯಾಪ್ಸೂಲ್. ಅಂಕಿ ಕುಣಿದಿದ್ದರೆ ವೈರ್ ಒಳಗೆ ಮುರಿದಿದೆ ಅಂತ ಅರ್ಥ, ಆಗ ಕ್ಯಾಪ್ಸೂಲ್ ಬದಲಿಸಿ ಏನೂ ಪ್ರಯೋಜನವಿಲ್ಲ.

ಹೊಸ ಕ್ಯಾಪ್ಸೂಲ್ ಅಳತೆ ನೋಡಿ ತನ್ನಿ. ಬಿಡಿಯಾಗಿ ಸಿಗುವವು ಎರಡು ಸೈಜ್ ಜಾಸ್ತಿ, 9.7 ಮಿಲಿಮೀಟರ್ ಅಗಲದ್ದು ಮತ್ತು 6 ಮಿಲಿಮೀಟರ್‌ದು. ಹೆಡ್‌ಸೆಟ್ ಕಡ್ಡಿಯೊಳಗೆ ಸಾಮಾನ್ಯವಾಗಿ ಕೂರುವುದು ಚಿಕ್ಕದು. ಹಿಂಬದಿಯ ಎರಡು ಬಿಂದುಗಳಲ್ಲಿ ಒಂದರಿಂದ ಸಣ್ಣ ಗೆರೆಗಳು ಹೊರಗಿನ ಡಬ್ಬಿಗೆ ಹೋಗಿರುತ್ತವೆ, ಅದು ಗ್ರೌಂಡ್. ಇದನ್ನು ತಿರುಗಾಮುರುಗಾ ಹಾಕಿದರೆ ದನಿ ಬರುವುದಿಲ್ಲ. ಹೆಡ್‌ಸೆಟ್ ವೈರ್‌ನ ಎಳೆಗಳಿಗೆ ಬಣ್ಣದ ಎನಾಮಲ್ ಬಳಿದಿರುತ್ತಾರೆ, ನಡುವೆ ನೈಲಾನ್ ದಾರವೂ ಇರುತ್ತೆ. ಸುಮ್ನೆ ತಿರುಚಿ ಬೆಸುಗೆ ಹಾಕಿದರೆ ಹಿಡಿಯುವುದಿಲ್ಲ. ಐರನ್ ತುದಿಯಲ್ಲಿ ಸೀಸದ ಹನಿ ಮಾಡಿಕೊಂಡು ಎಳೆಯ ತುದಿಯನ್ನು ಅದರೊಳಗೆ ಅದ್ದಿ ಹಿಡಿಯಬೇಕು, ಎನಾಮಲ್ ಸುಟ್ಟು ಹೊಗೆ ಎದ್ದು ತುದಿ ಬೆಳ್ಳಗಾಗುತ್ತೆ. ಆಮೇಲೆ ಕ್ಯಾಪ್ಸೂಲ್‌ಗೆ ಮುಟ್ಟಿಸಿ ತಕ್ಷಣ ತೆಗೆಯಬೇಕು. ಜಾಸ್ತಿ ಹೊತ್ತು ಕಾಯಿಸಿದರೆ ಒಳಗಿನ ಪೊರೆ, ಟ್ರಾನ್ಸಿಸ್ಟರ್ ಎರಡೂ ಹೋಗುತ್ತವೆ.

ಚರಚರ ನಿಂತಿತು. ಕ್ಯಾಪ್ಸೂಲ್ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ.

ಗುಂಯ್ ಅನ್ನುವುದು ಮಾತ್ರ ಹಾಗೇ ಇತ್ತು. ಎರಡು ಕಾರಣ ಸಿಕ್ಕವು. ಒಂದು, ವಿಂಡೋಸ್‌ನಲ್ಲಿ ಮೈಕ್ರೊಫೋನ್ ಬೂಸ್ಟ್ ಪೂರ್ತಿ +30 ಡೆಸಿಬೆಲ್‌ಗೆ ಹೋಗಿ ಕೂತಿತ್ತು. 20 ಅಂದರೆ ಸಿಗ್ನಲ್ ಹತ್ತು ಪಟ್ಟು, 30 ಅಂದರೆ ಮೂವತ್ತೊಂದು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ದನಿಯೂ ಅಷ್ಟು ಪಟ್ಟು, ಗದ್ದಲವೂ ಅಷ್ಟೇ ಪಟ್ಟು. 10ಕ್ಕೆ ಇಳಿಸಿ ಮೈಕ್ ಬಾಯಿ ಹತ್ತಿರ ತಂದೆ. ಎರಡು, ಹೆಡ್‌ಸೆಟ್ ಚುಚ್ಚಿದ್ದು ಕ್ಯಾಬಿನೆಟ್‌ನ ಮುಂದಿನ ಜ್ಯಾಕ್‌ಗೆ. ಮುಂದಿನ ಜ್ಯಾಕ್‌ನಿಂದ ಮದರ್‌ಬೋರ್ಡ್‌ಗೆ ಒಂದು ತೆಳು ವೈರ್ ಹೋಗುತ್ತೆ, ಎಚ್‌ಡಿ ಆಡಿಯೋ ಅಂತ ಬರೆದ ಕೊಂಡಿ ಇರುತ್ತೆ. ದಾರಿಯಲ್ಲಿ ಫ್ಯಾನ್, ಗ್ರಾಫಿಕ್ಸ್ ಕಾರ್ಡ್, ಪವರ್ ವೈರ್‌ಗಳು. ಅವುಗಳ ಕಿರಿಕಿರಿಯೆಲ್ಲ ಈ ವೈರ್‌ಗೆ ಅಂಟುತ್ತೆ, ಮೌಸ್ ಅಲ್ಲಾಡಿಸಿದರೆ ಚಿಯ್ಯೋ ಅನ್ನುತ್ತೆ ಕೆಲವು ಕಂಪ್ಯೂಟರ್‌ಗಳಲ್ಲಿ. ಹಿಂಬದಿಯ ಗುಲಾಬಿ ಜ್ಯಾಕ್‌ಗೆ ಬದಲಿಸಿದೆ. ಅರ್ಧ ಗದ್ದಲ ಹೋಯಿತು.

ಉಳಿದ ಅರ್ಧ ಹಠಮಾರಿ. ಚಿಕ್ಕಮ್ಮ ಹೆಡ್‌ಫೋನ್‌ನಲ್ಲಿ ಕೇಳಿ ಮುಖ ಗಂಟು ಹಾಕಿಕೊಂಡರು. "ನಿನಗೆ ಗೊತ್ತಾಗ್ತಿಲ್ವೇನೇ? ತಂಬೂರಿ ಅಲುಗ್ತಾ ಇದೆ. ಶ್ರುತಿ ಸೇರ್ತಿಲ್ಲ." ನನಗೆ ಬರೀ ಗುಂಯ್ ಅನ್ನಿಸುತ್ತಿತ್ತು. ಆಡಾಸಿಟಿಯಲ್ಲಿ ಸುಮ್ಮನಿರುವ ಹಾಲ್‌ನ ತುಂಡನ್ನು ಆರಿಸಿ, ಅನಲೈಜ್ ಮೆನುವಿನ ಪ್ಲಾಟ್ ಸ್ಪೆಕ್ಟ್ರಮ್ ತೆಗೆದೆ, ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಚಿತ್ರ ಅದು. 50 ಹರ್ಟ್ಸ್‌ನಲ್ಲಿ ಒಂದು ಶಿಖರ, 100ರಲ್ಲಿ ಒಂದು, 150ರಲ್ಲಿ, 200ರಲ್ಲಿ. ನಮ್ಮ ಮನೆಗಳ ಕರೆಂಟ್ 50 ಹರ್ಟ್ಸ್, ಅದರ ಗುಣಕಗಳೂ ಜೊತೆಗೇ ಬರುತ್ತವೆ. ಕರೆಂಟಿನ ಈ ಗುಂಯ್‌ಗೇ ಹಮ್ ಅನ್ನುವುದು. ಈಗ ಚಿಕ್ಕಮ್ಮನ ಶ್ರುತಿ ನೋಡಿ. ಐದು ಮನೆ, ಕೀಬೋರ್ಡ್‌ನವರ ಲೆಕ್ಕದಲ್ಲಿ ಜಿ. ಅವರ ಆಧಾರ ಷಡ್ಜ 196 ಹರ್ಟ್ಸ್. ಪಕ್ಕದಲ್ಲೇ ಕರೆಂಟಿನ 200. ಎರಡು ಸ್ವರ ಇಷ್ಟು ಹತ್ತಿರ ಬಂದರೆ ಒಂದಕ್ಕೊಂದು ಸೇರಿ ಏರಿ ಇಳಿಯುತ್ತವೆ, ಎಷ್ಟು ಹರ್ಟ್ಸ್ ವ್ಯತ್ಯಾಸವೋ ಸೆಕೆಂಡಿಗೆ ಅಷ್ಟು ಸಲ. ಅಂದರೆ ಇಲ್ಲಿ ಸೆಕೆಂಡಿಗೆ ನಾಲ್ಕು ಸಲ ತಂಬೂರಿ ಅಲುಗುತ್ತಿತ್ತು. ತಂಬೂರಿ ಶ್ರುತಿ ಮಾಡುವವರು ಬಿರಡೆ ತಿರುಗಿಸುತ್ತಾ ಕಾಯುವುದು ಇದೇ ಅಲುಗಾಟ ನಿಲ್ಲಲಿ ಅಂತ. ಅದನ್ನೇ ಜೀವಮಾನವಿಡೀ ಕೇಳಿದ ಕಿವಿಗೆ ಇದು ಗೊತ್ತಾಗದೆ ಇರುತ್ತಾ? ನಾಲ್ಕೂವರೆ ಮನೆಯಲ್ಲಿ ಹಾಡುವವರಾಗಿದ್ದರೆ ಅದೇ ಹಮ್ ಇಷ್ಟು ಕಾಡುತ್ತಿರಲಿಲ್ಲ.

ಕರೆಂಟಿನ ಹಮ್ ಅಂದಮೇಲೆ ಮೊದಲು ನೋಡಬೇಕಾದ್ದು ಅರ್ತಿಂಗ್. ಕ್ಯಾಬಿನೆಟ್‌ಗೆ ಕೈ ಇಟ್ಟರೆ ಹಮ್ ಬದಲಾಗುತ್ತಿತ್ತು. ಚಿಕ್ಕಮ್ಮನೂ ಹೇಳಿದರು, ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಹಿಂಬದಿ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ. ಟೆಸ್ಟರ್ ಹಿಡಿದೆ, ಸ್ಕ್ರೂ ಮೇಲೆ ಮಿಣುಕು ಬೆಳಕು. ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ, ಎಸ್‌ಎಂಪಿಎಸ್, ಅದರ ಒಳಗೆ ಗದ್ದಲ ಸೋಸುವ ಕೆಪಾಸಿಟರ್‌ಗಳಿರುತ್ತವೆ, ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು, ಎರಡೂ ಬಂದು ಚಾಸಿಗೆ, ಅಂದರೆ ಕ್ಯಾಬಿನೆಟ್‌ನ ಲೋಹದ ಮೈಗೆ ಸೇರುತ್ತವೆ. ಅರ್ತ್ ಇದ್ದರೆ ಅಲ್ಲಿಗೆ ಬಂದ ಸೋರಿಕೆ ನೆಲಕ್ಕೆ ಇಳಿದು ಹೋಗುತ್ತೆ. ಅರ್ತ್ ಇಲ್ಲದಿದ್ದರೆ ಚಾಸಿ 230 ವೋಲ್ಟ್‌ನ ಅರ್ಧಕ್ಕೆ, ಅಂದರೆ ಸುಮಾರು 115ಕ್ಕೆ ತೇಲಿಕೊಂಡು ನಿಲ್ಲುತ್ತೆ. ಸೋರುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಜುಮ್ ಅಷ್ಟೇ. ಆದರೆ ಒಳಗೆ ನಿಜವಾದ ಶಾರ್ಟ್ ಆದ ದಿನ ಅದೇ ಚಾಸಿ ಪೂರ್ತಿ 230 ಆಗಬಹುದು.

ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದರು. ಮೂರು ತೂತಿನ ಸಾಕೆಟ್ಟೇ, ಮೇಲಿನ ದಪ್ಪ ತೂತಿಗೆ ಬರಬೇಕಾದ ಹಸಿರು ವೈರ್ ಮಾತ್ರ ಇಲ್ಲ. ಮನೆಗೆ ಹೊಸದಾಗಿ ವೈರಿಂಗ್ ಮಾಡಿದ ಯಾರೋ ವೈರ್ ದುಡ್ಡು ಉಳಿಸಿದ್ದಾರೆ. ಮೇನ್ ಬೋರ್ಡ್‌ನಿಂದ ಹಸಿರು ವೈರ್ ಎಳೆದು ಕೊಟ್ಟರು. ಹಮ್ ಕೇಳಿಸದಷ್ಟು ಕೆಳಗೆ ಹೋಯಿತು, 200ರ ಶಿಖರ ಹುಡುಕಿದರೂ ಕಾಣಲಿಲ್ಲ. ಈ ಕೆಲಸ ನೀವೇ ಮಾಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಹಮ್ ಹೋಗಲಿ ಅಂತ ಪ್ಲಗ್‌ನ ದಪ್ಪ ಪಿನ್ ಕತ್ತರಿಸುವವರೂ ಇದ್ದಾರೆ, ಅಂಥವರ ಮಾತು ಕೇಳಬೇಡಿ.

ಇಷ್ಟೊತ್ತಿಗೆ ಹೆಡ್‌ಸೆಟ್ ಮಾತಿಗೆ ಚೆನ್ನಾಗೇ ಇತ್ತು. ಹಾಡಿಗೆ ಸಾಲದು. ಕಿವಿ ಎರಡೂ ಮುಚ್ಚಿದರೆ ತನ್ನ ದನಿ ತನಗೆ ಸರಿಯಾಗಿ ಕೇಳುವುದಿಲ್ಲ, ತಾರಸ್ಥಾಯಿಗೆ ಹೋದರೆ ಆ ಪುಟ್ಟ ಕ್ಯಾಪ್ಸೂಲ್ ಒಡೆದ ಸದ್ದು ಕೊಡುತ್ತೆ. ಈಗ ಮೈಕ್ ತರುವ ಹೊತ್ತು ಬಂತು.

ನ್ಯಾಷನಲ್ ಕಾಲೇಜ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌ಪಿ ರೋಡ್‌ಗೆ ನಡೆದೆ. ಸಾದರ ಪತ್ರಪ್ಪ ರಸ್ತೆ ಅಂದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ, ಎಸ್‌ಪಿ ರೋಡ್ ಅನ್ನಿ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿ ಬಾಗಿಲು ಹಾಕಿರುತ್ತೆ. ಅಂಗಡಿಯವರು ಮೊದಲು ತೋರಿಸಿದ್ದು ಫಳಫಳ ಅನ್ನುವ ದೊಡ್ಡ ಕಂಡೆನ್ಸರ್ ಮೈಕ್, ತುದಿಯಲ್ಲಿ 3.5 ಮಿಲಿಮೀಟರ್ ಪಿನ್. ಒಳ್ಳೆ ಕಂಡೆನ್ಸರ್ ಮೈಕ್‌ಗಳು ಬೇಡುವುದು 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ವೈರ್‌ನಲ್ಲೇ ಬರುವ ಕರೆಂಟ್. ಗುಲಾಬಿ ಜ್ಯಾಕ್‌ನಲ್ಲಿ ಇರುವುದು ನಾನು ಅಳೆದ ಎರಡೂವರೆ ವೋಲ್ಟ್. ಆ ಜೋಡಿಯಲ್ಲಿ ದನಿ ಬಂದರೂ ಬಡಕಲಾಗಿ ಬರುತ್ತೆ, ಮತ್ತೆ ಬೂಸ್ಟ್ ಏರಿಸಬೇಕು, ಮತ್ತೆ ಗದ್ದಲ. ಇನ್ನೊಂದು ದಾರಿ ಎಕ್ಸ್‌ಎಲ್‌ಆರ್ ಮೈಕ್ (ಮೂರು ಪಿನ್‌ನ ದಪ್ಪ ಕೊಂಡಿ ಇರುವ ಸ್ಟುಡಿಯೋ ಮೈಕ್), ಜೊತೆಗೆ ಅದನ್ನು ಕಂಪ್ಯೂಟರ್‌ಗೆ ಸೇರಿಸುವ ಆಡಿಯೋ ಇಂಟರ್‌ಫೇಸ್ ಡಬ್ಬಿ. ಅದು ಚೆನ್ನಾಗಿರುತ್ತೆ, ಮುಂದೆ ವೀಣೆಗೊಂದು ಮೈಕ್ ಬೇಕು ಅನ್ನುವವರಿಗೆ ಅದೇ ಸರಿ. ಆದರೆ ಬೆಳಗಿನ ಜಾವ ಒಬ್ಬರೇ ಎದ್ದು ಪಾಠ ಶುರು ಮಾಡುವ ಚಿಕ್ಕಮ್ಮನಿಗೆ ಇನ್ನೊಂದು ಡಬ್ಬಿ, ಅದರ ಮೇಲೆ ನಾಲ್ಕು ತಿರುಗಣೆ ಬೇಡ ಅನ್ನಿಸಿತು.

ಯುಎಸ್‌ಬಿ ಮೈಕ್ ತಗೊಂಡೆ. ದನಿಯನ್ನು ಅಂಕಿಯಾಗಿ ಬದಲಿಸುವ ಕೆಲಸ ಮೈಕ್ ಒಳಗೇ ಮುಗಿಯುತ್ತೆ, ಕಂಪ್ಯೂಟರ್‌ನ ಸೌಂಡ್ ಚಿಪ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಎರಡು ವಿಷಯ ಪಟ್ಟು ಹಿಡಿದು ಕೇಳಿದೆ. ಕಾರ್ಡಿಯಾಯ್ಡ್ ಆಗಿರಬೇಕು, ಅಂದರೆ ಮುಂದಿನದು ಜಾಸ್ತಿ ಹಿಂದಿನದು ಕಡಿಮೆ ಕೇಳಿಸಿಕೊಳ್ಳುವಂಥದ್ದು. ಮೈಕ್ ಮೇಲೇ ಹೆಡ್‌ಫೋನ್ ಜ್ಯಾಕ್ ಇರಬೇಕು. ಅದರಲ್ಲಿ ತನ್ನ ದನಿ ತಡವಿಲ್ಲದೆ ಕೇಳುತ್ತೆ. ವಿಂಡೋಸ್‌ನ 'ಲಿಸನ್ ಟು ದಿಸ್ ಡಿವೈಸ್' ಹಾಕಿಯೂ ಕೇಳಬಹುದು, ಆದರೆ ಕಂಪ್ಯೂಟರ್ ಸುತ್ತಿ ಬರುವಷ್ಟರಲ್ಲಿ ತಡವಾಗಿ ಹಾಡುವವರಿಗೆ ತಾಳ ತಪ್ಪುತ್ತೆ.

ಅಲ್ಲೇ ಒಂದು ಸ್ಪ್ಲಿಟರ್ ಕೂಡ ತಂದೆ, ಮೊಬೈಲ್ ಇಯರ್‌ಫೋನ್ ಅನ್ನು ಡೆಸ್ಕ್‌ಟಾಪ್‌ಗೆ ಹಾಕಲು. ಮೊಬೈಲ್ ಪಿನ್‌ನಲ್ಲಿ ಮೂರು ಕರಿ ಗೆರೆ, ನಾಲ್ಕು ಭಾಗ, ಮೈಕ್ ಇರುವುದು ಬುಡದಲ್ಲಿ. ಗುಲಾಬಿ ಜ್ಯಾಕ್ ಮೈಕ್ ಹುಡುಕುವುದು ತುದಿಯಲ್ಲಿ. ನೇರ ಚುಚ್ಚಿದರೆ ಕೆಲಸ ಮಾಡದಿರುವುದು ಅದಕ್ಕೆ. ಕೊಳ್ಳುವಾಗ ಜೋಪಾನ, ಎರಡು ಹೆಡ್‌ಫೋನ್ ಹಾಕುವ ಸ್ಪ್ಲಿಟರ್ ನೋಡಲು ಹಾಗೇ ಇರುತ್ತೆ. ನಮಗೆ ಬೇಕಾದದ್ದು ಒಂದು ತೂತು, ಎರಡು ಪಿನ್ ಇರುವಂಥದ್ದು, ಒಂದರ ಮೇಲೆ ಮೈಕ್ ಚಿತ್ರ.

ಮನೆಗೆ ತಂದು ಇಡುವ ಜಾಗಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ನಿಲ್ಲಿಸಿಡುವ ಇಂಥ ಮೈಕ್‌ಗಳಲ್ಲಿ ಹಲವು ಪಕ್ಕದಿಂದ ಕೇಳಿಸಿಕೊಳ್ಳುತ್ತವೆ, ತಲೆಯಿಂದಲ್ಲ. ಕಂಪನಿ ಹೆಸರಿರುವ ಬದಿ ಬಾಯಿ ಕಡೆಗೆ. ಬೆನ್ನು ಕಿಟಕಿ ಕಡೆಗೆ, ಅಲ್ಲಿಂದ ಬರುವುದು ಆಟೋ, ಸೊಪ್ಪಿನವರು, ಎದುರು ಮನೆ ಕುಕ್ಕರ್. ಕಾರ್ಡಿಯಾಯ್ಡ್‌ನ ಬೆನ್ನಿಗೆ ಕಿವಿ ಮಂದ, ಪಕ್ಕಕ್ಕೆ ಅಷ್ಟು ಮಂದವಲ್ಲ, ಸುಮಾರು 6 ಡೆಸಿಬೆಲ್ ಮಾತ್ರ ಕಡಿಮೆ. ಹಾಗಾಗಿ ತಲೆ ಮೇಲಿನ ಫ್ಯಾನ್‌ಗೆ ಈ ಉಪಾಯ ನಡೆಯುವುದಿಲ್ಲ. ಪಾಠದ ಹೊತ್ತಿಗೆ ಫ್ಯಾನ್ ಆಫ್, ಬೆಂಗಳೂರಿನ ಬೆಳಗಿಗೆ ಅದು ಕಷ್ಟವೇನಲ್ಲ.

ಬಾಯಿಗೂ ಮೈಕ್‌ಗೂ ಒಂದು ಗೇಣು. ಅದಕ್ಕಿಂತ ಹತ್ತಿರ ಬಂದರೆ ಮಂದ್ರ ಉಬ್ಬುತ್ತೆ, ಪ, ಬ ಬಂದಾಗ ಗಾಳಿ ಬಡಿಯುತ್ತೆ. ಸರಳೆ ವರಸೆಯಲ್ಲಿ ಪ ಎಷ್ಟು ಸಲ ಬರುತ್ತೆ ಲೆಕ್ಕ ಹಾಕಿ! ಆ ಗಾಳಿ ತಡೆಯುವ ಜಾಲರಿ, ಪಾಪ್ ಫಿಲ್ಟರ್ ಹಾಕಿದೆ, ಮೈಕ್ ಅನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆ ಇಟ್ಟೆ. ದೂರ ಎರಡು ಪಟ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತೆ, ಹಾಲ್‌ನ ಗದ್ದಲ ಇಳಿಯುವುದಿಲ್ಲ. ಇನ್ನು ತಾಳ. ಚಿಕ್ಕಮ್ಮ ಮಕ್ಕಳಿಗೆ ಕೇಳಲಿ ಅಂತ ಮೇಜಿನ ಮೇಲೆ ಜೋರಾಗಿ ತಟ್ಟುತ್ತಾರೆ, ಅದು ಸ್ಟ್ಯಾಂಡ್ ಹತ್ತಿ ಧಡ್ ಧಡ್ ಅಂತ ಮೈಕ್‌ಗೆ ಹೋಗುತ್ತೆ. ತೊಡೆ ಮೇಲೆ ತಟ್ಟಿ ಅಂದರೆ ಕೇಳುವವರಲ್ಲ. ಸ್ಟ್ಯಾಂಡ್ ಕೆಳಗೆ ಮಡಚಿದ ಟವೆಲ್ ಹಾಕಿದ ಮೇಲೆ ತಾಳ ಕೇಳುತ್ತೆ, ಗುದ್ದುವುದಿಲ್ಲ. ಗಟ್ಟಿಯಾಗಿ ಹಾಡಿಸಿ ನೋಡಿ, ಶಿಖರಗಳು −12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವ ಹಾಗೆ (0 ಮುಟ್ಟಿದರೆ ದನಿ ಒಡೆಯುತ್ತೆ) ಗೇನ್, ಅಂದರೆ ಮೈಕ್ ದನಿಯನ್ನು ಹಿಗ್ಗಿಸುವ ಮಟ್ಟ ಇಟ್ಟೆ. ಫಾರ್ಮ್ಯಾಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯಬೇಕು ಅನ್ನುವುದು, 48,000 ಹರ್ಟ್ಸ್.

ಈಗ ತಂಬೂರಿ ಕರಗುವ ದೂರು. ಇದಕ್ಕೆ ಮೈಕ್ ಕಾರಣವೇ ಅಲ್ಲ. ಮೀಟಿಂಗ್ ಸಾಫ್ಟ್‌ವೇರ್‌ಗಳೆಲ್ಲ ಮಾತಿಗಾಗಿ ಮಾಡಿದವು. ಏರಿಳಿತ ಇರುವುದು ಮಾತು, ಒಂದೇ ಸಮ ಇರುವುದು ಫ್ಯಾನು ಇಲ್ಲವೇ ಏಸಿ, ತೆಗೆದುಹಾಕು ಅನ್ನುವುದು ಅವುಗಳ ಲೆಕ್ಕ. ಒಂದೇ ಸಮ ಇರುವುದೇ ತಂಬೂರಿಯ ಗುಣ. ಹಾಗಾಗಿ ಶುರುವಿನಲ್ಲಿ ಬಿಟ್ಟು, ಸ್ವಲ್ಪ ಹೊತ್ತು ನೋಡಿ, ನಿಧಾನಕ್ಕೆ ಅಳಿಸಿಬಿಡುತ್ತೆ. ಚಿಕ್ಕಮ್ಮನ ಹತ್ತಿರ ಇರುವುದು ಎಲೆಕ್ಟ್ರಾನಿಕ್ ತಂಬೂರಿ, ನಮ್ಮ ಬೆಂಗಳೂರಿನ ರಾಡೆಲ್‌ನದು, ಅದರ ನಾದವಂತೂ ಇನ್ನೂ ಸಮ. ದೀರ್ಘ ಷಡ್ಜ ಹಿಡಿದರೆ ಕೆಲವೊಮ್ಮೆ ಹಾಡುವವರ ದನಿಯನ್ನೂ ತಿನ್ನುತ್ತೆ.

ಝೂಮ್‌ನಲ್ಲಿ ಇದಕ್ಕೆ ಸ್ವಿಚ್ ಇದೆ. ಸೆಟ್ಟಿಂಗ್ಸ್‌ನ ಆಡಿಯೋ ಪುಟದಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಆರಿಸಿ, ಅದರಡಿ 'ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್' ಟಿಕ್ ಮಾಡಿದೆ. ಮೈಕ್ ವಾಲ್ಯೂಮ್ ಅನ್ನು ತಾನೇ ಹೊಂದಿಸುವ ಟಿಕ್ ತೆಗೆದೆ, ಇಲ್ಲದಿದ್ದರೆ ಹಾಡು ಮೆಲ್ಲಗಾದಾಗಲೆಲ್ಲ ತಂಬೂರಿ ಉಬ್ಬಿ ಮುಂದೆ ಬರುತ್ತೆ. ಇಷ್ಟು ಮಾಡಿದರೂ ಪಾಠ ನಡೆಯುವಾಗ ಕಿಟಕಿಯ ಮೇಲ್ತುದಿಯಲ್ಲಿ ಒರಿಜಿನಲ್ ಸೌಂಡ್ ಆನ್ ಅಂತ ಇದೆಯಾ ನೋಡಬೇಕು. ಎಕೋ ಕ್ಯಾನ್ಸಲೇಷನ್ (ಸ್ಪೀಕರ್‌ನ ದನಿ ಮತ್ತೆ ಮೈಕ್‌ಗೆ ಹೋಗದಂತೆ ಅಳಿಸುವುದು) ತೆಗೆಯುವುದಾದರೆ ಹೆಡ್‌ಫೋನ್ ಹಾಕಲೇಬೇಕು, ಸ್ಪೀಕರ್ ಇಟ್ಟುಕೊಂಡು ಅದನ್ನು ತೆಗೆದರೆ ಮಗು ಹಾಡಿದ್ದು ಮಗುವಿಗೇ ತಿರುಗಿ ಕೇಳುತ್ತೆ. ಎರಡೂ ಕಡೆ ತಂಬೂರಿ ಹಾಕಿಕೊಂಡಿದ್ದವರಿಗೆ ಒಂದು ಕಡೆ ನಿಲ್ಲಿಸಿ ಅಂದೆ. ಮಗು ಹಾಡುವ ಸರದಿಯಲ್ಲಿ ಮಗುವಿನ ಮನೆಯ ತಂಬೂರಿಯೇ ಸಾಕು.

ಇನ್ನೊಂದು ಉಳಿದಿದೆ. ಯುಎಸ್‌ಬಿ ಮೈಕ್ ಅನ್ನು ಬೇರೆ ಪೋರ್ಟ್‌ಗೆ ಚುಚ್ಚಿದರೆ ಎಷ್ಟೋ ಸಲ ವಿಂಡೋಸ್ ಅದನ್ನು ಹೊಸ ಮೈಕ್ ಅಂದುಕೊಳ್ಳುತ್ತೆ, ಹೆಸರಿನ ಮುಂದೆ 2 ಅಂತ ಸೇರಿಸುತ್ತೆ, ನಾವು ಮಾಡಿದ ಲೆವೆಲ್, ಡಿಫಾಲ್ಟ್ ಎಲ್ಲ ಹಳೇ ಹೆಸರಿನಲ್ಲೇ ಉಳಿದುಹೋಗುತ್ತೆ. ಅದಕ್ಕೆ ಹಿಂಬದಿಯ ಒಂದು ಪೋರ್ಟ್ ಪಕ್ಕ ಕೆಂಪು ಇನ್ಸುಲೇಷನ್ ಟೇಪ್ ಅಂಟಿಸಿ, ಮೈಕ್ ವೈರ್‌ಗೂ ಅದೇ ಟೇಪ್ ಸುತ್ತಿದೆ. ಕೆಲಸದವರು ಒರೆಸುವಾಗ ಕಿತ್ತರೂ ಎಲ್ಲಿಗೆ ಹಾಕಬೇಕು ಅಂತ ಗೊತ್ತಿರುತ್ತೆ. ವೆಬ್‌ಕ್ಯಾಮ್ ಮೈಕ್ ಡಿಸೇಬಲ್ ಆಗಿಯೇ ಇದೆಯಾ ಅಂತ ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಒಮ್ಮೆ ನೋಡಬೇಕು, ಉಗುರಿನಿಂದ ಕೆರೆದರೆ ಸಾಕು.